ಆಟದ ರೈಲಿಗೆ ಬಿಡಿ ಹಳಿ ಮಾರಿ

ಕೊಪ್ಪಳದ ಯಾವ ಆಟಿಕೆ ಅಂಗಡಿಗೆ ಹೋದರೂ ಒಂದು ರೈಲಿನ ಸೆಟ್ ಕಣ್ಣಿಗೆ ಬೀಳುತ್ತದೆ. ಉದ್ದನೆಯ ಬಾಕ್ಸ್. ಒಳಗೆ ಒಂದು ಇಂಜಿನ್, ಎರಡು ಮೂರು ಬೋಗಿ, ದುಂಡಗೆ ಜೋಡಿಸುವಷ್ಟು ಪ್ಲಾಸ್ಟಿಕ್ ಹಳಿ. ಗವಿಮಠದ ಜಾತ್ರೆಯ ಅಂಗಡಿ ಸಾಲಿನಲ್ಲೂ ಅದೇ, ಬಳ್ಳಾರಿ, ಹೊಸಪೇಟೆಯ ದೊಡ್ಡ ಮಾರ್ಟ್‌ಗಳಲ್ಲೂ ಅದೇ. ಮುನ್ನೂರು, ಐನೂರು ರೂಪಾಯಿ, ಸ್ವಲ್ಪ ದೊಡ್ಡದಾದರೆ ಸಾವಿರ. ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ. ನನಗೆ ಈ ಸೆಟ್‌ಗಳ ಮೇಲೆ ಪ್ರೀತಿ ಇದೆ.

ಮಾದರಿ ರೈಲಿನ ಹವ್ಯಾಸ ಇರುವ ಕೆಲವರು ಇದನ್ನೆಲ್ಲ ಪ್ಲಾಸ್ಟಿಕ್ ಕಸ ಅಂತಾರೆ. ಅಸಲಿ ರೈಲಿನಂತೆ ಇಲ್ಲ, ಅಳತೆ ಸರಿ ಇಲ್ಲ, ಚಕ್ರ ಲೋಹದ್ದಲ್ಲ ಅಂತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಹತ್ತಿಪ್ಪತ್ತು ಸಾವಿರದ ಇಂಜಿನ್ ತರಿಸುವ ಮನೆಗಳು ನಮ್ಮ ಕಡೆ ಎಷ್ಟಿವೆ? ಅಂಗಡಿಯಲ್ಲಿ ಕೈಗೆ ಸಿಗುವ, ಅಪ್ಪನ ಜೇಬಿಗೆ ಭಾರ ಆಗದ ರೈಲೇ ಮಗುವಿನ ಮೊದಲ ರೈಲು. ಅದನ್ನು ಹೀಯಾಳಿಸುವ ಹವ್ಯಾಸಿಗಳು ಹೊಸಬರು ಬರುವ ಬಾಗಿಲನ್ನೇ ಮುಚ್ಚುತ್ತಿದ್ದಾರೆ.

ನನ್ನ ತಕರಾರು ಬೇರೆ. ಆ ರೈಲು ದುಂಡಗೆ ಸುತ್ತುತ್ತದೆ, ನಾಳೆಯೂ ಅಷ್ಟೇ, ಮುಂದಿನ ತಿಂಗಳೂ ಅಷ್ಟೇ. ಮಗುವಿಗೆ ಅದನ್ನು ಮಂಚದ ಕೆಳಗೆ ಬಿಡಬೇಕು ಅನಿಸುತ್ತದೆ, ಅಡುಗೆ ಮನೆವರೆಗೂ ಓಡಿಸಬೇಕು, ಒಂದು ಕವಲು ಹಾಕಿ ಇನ್ನೊಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕು ಅನಿಸುತ್ತದೆ. ಅದಕ್ಕೆ ಬೇಕಿರುವುದು ನಾಲ್ಕು ನೇರ ಹಳಿ, ಗಾಡಿಯನ್ನು ಕವಲಿಗೆ ತಿರುಗಿಸುವ ಒಂದು ಪಾಯಿಂಟ್. ಅದು ನನಗಂತೂ ಎಲ್ಲೂ ಸಿಕ್ಕಿಲ್ಲ. ಒಂದು ತಿಂಗಳಲ್ಲಿ ಸೆಟ್ ಅಟ್ಟ ಸೇರುತ್ತದೆ.

ನಮ್ಮ ಅಕ್ಕನ ಮಗನ ಸೆಟ್‌ನಲ್ಲಿ ಒಂದು ಹಳಿಯ ಕೊಂಡಿ ಮುರಿಯಿತು. ಒಂದೇ ಒಂದು ತುಂಡು. ಸುತ್ತು ಪೂರ್ತಿ ಆಗದೆ ರೈಲು ಅಲ್ಲೇ ಕೆಳಗೆ ಬೀಳತೊಡಗಿತು. ತಂದ ಅಂಗಡಿಗೇ ಹೋಗಿ ಕೇಳಿದೆ. "ಬಿಡಿ ಹಳಿ ಬರಂಗಿಲ್ರಿ ಸರ, ಫುಲ್ ಸೆಟ್ಟೇ ತಗೋಬೇಕ್ರಿ" ಅಂದರು. ಅವರ ತಪ್ಪೇನೂ ಇಲ್ಲ. ಅವರಿಗೆ ಬರುವುದೇ ಹಾಗೆ. ಸರಿ, ಇನ್ನೊಂದು ಕಂಪನಿಯ ಸೆಟ್ ತೆಗೆದು ಅಲ್ಲೇ ಕೌಂಟರ್ ಮೇಲೆ ಜೋಡಿಸಿ ನೋಡಿದೆವು. ಹಳಿಯ ಅಗಲವೂ ಬೇರೆ, ಕೊಂಡಿಯ ಆಕಾರವೂ ಬೇರೆ. ಸೈಕಲ್ ಅಂಗಡಿಯಲ್ಲಿ ಒಂದು ಕಡ್ಡಿ ಮುರಿದರೆ ಒಂದೇ ಕಡ್ಡಿ ಕೊಡುತ್ತಾರೆ, ಹೊಸ ಸೈಕಲ್ ತಗೋ ಅನ್ನುವುದಿಲ್ಲ ಅಲ್ವಾ?

ಅಳತೆ ಬೇರೆಯಾದರೆ ಏನು ಕಷ್ಟ ಅಂತ ನಮ್ಮ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. 1871ರಲ್ಲಿ ಮುಂಬೈ ಕಡೆಯ ಲೈನು, ಮದ್ರಾಸ್ ಕಡೆಯ ಲೈನು ರಾಯಚೂರಿನಲ್ಲಿ ಕೂಡಿದವು. ಎರಡೂ ಬ್ರಾಡ್‌ಗೇಜ್, ಅಂದರೆ ಅಗಲದ ಹಳಿ. ಹಾಗಾಗಿ ಹಳಿಗೆ ಹಳಿ ಸೇರಿತು, ಎರಡು ಕಂಪನಿಗಳ ದಾರಿ ಒಂದೇ ದಾರಿ ಆಯಿತು. ಈ ಕಡೆ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಲೈನು ಮೀಟರ್‌ಗೇಜ್, ಕಿರಿದಾದ ಹಳಿ. ಗುಂತಕಲ್ಲಿನಲ್ಲಿ ಮುಂಬೈ, ಮದ್ರಾಸ್ ಲೈನು ಹಿಡಿಯಲು ಗಾಡಿ ಬದಲಿಸಲೇಬೇಕಿತ್ತು. ಸರಕನ್ನೂ ಇಳಿಸಿ ಮತ್ತೆ ಏರಿಸಬೇಕಿತ್ತು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದ ಮೇಲೆಯೇ ಆ ಕಾಟ ಮುಗಿದಿದ್ದು. ಆಟಿಕೆ ರೈಲಿನ ಮಾರುಕಟ್ಟೆ ಇವತ್ತಿಗೂ ಆ ಹಳೇ ಗುಂತಕಲ್ಲಿನಲ್ಲೇ ನಿಂತಿದೆ.

ಹೊರದೇಶದವರು ಇದನ್ನು ಬಹಳ ಹಿಂದೆಯೇ ಸರಿ ಮಾಡಿಕೊಂಡರು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳಕ್ಕೆ ಕೀಲಿ ಕೊಡುವ ರೈಲು ತಂದಿತ್ತು. ಆಟದ ರೈಲು ಅದಕ್ಕೂ ಮುಂಚೆ ಇತ್ತು. ಇವರು ಮಾಡಿದ್ದು ಹಳಿಯ ಅಗಲಕ್ಕೆ ಗೊತ್ತಾದ ಅಳತೆ ಇಟ್ಟಿದ್ದು, ಅದಕ್ಕೆ ಒಂದೊಂದು ನಂಬರ್ ಕೊಟ್ಟಿದ್ದು. ಈ ವರ್ಷ ಇಂಜಿನ್ ತಗೊಳ್ಳಿ, ಮುಂದಿನ ವರ್ಷ ಹಳಿ ಸೇರಿಸಿ, ಆಮೇಲೆ ಸ್ಟೇಷನ್ ಇಡಿ. ವ್ಯಾಪಾರಕ್ಕೂ ಅದೇ ಒಳ್ಳೆಯದಾಯಿತು, ಗಿರಾಕಿ ಮತ್ತೆ ಮತ್ತೆ ಬರುತ್ತಾನಲ್ಲ.

ಜಪಾನಿನ ಪ್ಲಾರೈಲ್ ನೋಡಿ. 1959ರಲ್ಲಿ ಬಂದ ನೀಲಿ ಪ್ಲಾಸ್ಟಿಕ್ ಹಳಿ. ಅವತ್ತಿನ ಹಳಿಗೆ ಇವತ್ತಿನ ಹಳಿ ಕೂಡುತ್ತದೆ. ಅಜ್ಜ ಆಡಿದ ಹಳಿಗೆ ಮೊಮ್ಮಗ ಹೊಸ ತುಂಡು ಸೇರಿಸಿ ಆಡಬಹುದು. ಅದಕ್ಕಿಂತಲೂ ನನಗೆ ಇಷ್ಟವಾಗಿದ್ದು ಅಲ್ಲಿನ ದೈಸೋ ಅಂಗಡಿ. ನೂರು ಯೆನ್‌ಗೆ ಬಕೆಟ್ಟು, ಚಮಚ, ಪೆನ್ನು ಮಾರುವ ಅಂಗಡಿ ಅದು. ಅಲ್ಲೇ ಪುಟಾಣಿ ರೈಲೂ ಇದೆ, ಅದರ ಹಳಿಯನ್ನು ಬೇರೆಯಾಗಿಯೇ ಪೊಟ್ಟಣ ಕಟ್ಟಿ ಮಾರುತ್ತಾರೆ. ಮಕ್ಕಳು ಕೈಖರ್ಚಿನ ದುಡ್ಡಲ್ಲಿ ಒಂದೊಂದೇ ಪೊಟ್ಟಣ ತಂದು ಮನೆಯಲ್ಲಿ ಊರೇ ಕಟ್ಟಬಹುದು. ನನಗೆ ಬೇಕಿರುವುದು ಇದೇ. ನಮ್ಮ ಊರಿನ ಸ್ಟೇಷನರಿ ಅಂಗಡಿಯಲ್ಲಿ, ಬಲೂನು, ಸ್ಕೆಚ್ ಪೆನ್ ಪಕ್ಕದಲ್ಲಿ, ಹಳಿಯ ಪೊಟ್ಟಣ ನೇತುಹಾಕಿರಬೇಕು.

ಮರದ ರೈಲಿನಲ್ಲಿ ಐಕಿಯಾದವರ ಲಿಲ್ಲಾಬೋ ಕೂಡ ಹೀಗೇ. ಬೇರೆ ಕಂಪನಿಗಳ ಮರದ ಹಳಿಗೆ ಹೊಂದುವ ಹಾಗೆ ಮಾಡಿದ್ದಾರೆ. ಮೇಜು, ಕುರ್ಚಿ ಮಾರುವ ಅಂಗಡಿಯಲ್ಲಿ ರೈಲೂ ಸಿಗುತ್ತದೆ. ಆದರೆ ನಮಗೆ ಹತ್ತಿರ ಅಂದರೆ ಹೈದರಾಬಾದ್ ಇಲ್ಲವೇ ಬೆಂಗಳೂರಿನ ನಾಗಸಂದ್ರ.

ಇನ್ನೊಂದು ಕಥೆ ಹೇಳಲೇಬೇಕು, ಅಗ್ಗದ ಪ್ಲಾಸ್ಟಿಕ್ ಅಂತ ಮೂಗು ಮುರಿಯುವವರಿಗಾಗಿ. 1950ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಅಂಗಡಿಗಳಲ್ಲಿ ಒಂದು ರೈಲಿನ ಸೆಟ್ ಮಾರಿತು. ಬಟ್ಟೆಬರೆಗೆ ಹೆಸರಾದ ಅಂಗಡಿ. ಮಾಡಿಕೊಟ್ಟಿದ್ದು ರೋವೆಕ್ಸ್ ಅನ್ನುವ ಸಣ್ಣ ಪ್ಲಾಸ್ಟಿಕ್ ಕಂಪನಿ. ಆಗ ಅಲ್ಲಿ ದೊಡ್ಡ ಹೆಸರು ಹಾರ್ನ್‌ಬಿ ಡಬ್ಲೊ, ಅದು ಲೋಹದ ರೈಲು, ಬೆಲೆಯೂ ಜಾಸ್ತಿ. ಮರುವರ್ಷವೇ ರೋವೆಕ್ಸನ್ನು ಟ್ರೈಯಾಂಗ್ ಹೆಸರಿನ ಆಟಿಕೆ ಮಾಡುವವರು ಕೊಂಡರು. ಆಮೇಲೆ ಹಾರ್ನ್‌ಬಿಯೇ ಕಷ್ಟಕ್ಕೆ ಸಿಕ್ಕಿತು, 1965ರಲ್ಲಿ ಎರಡೂ ಸೇರಿ ಟ್ರೈಯಾಂಗ್ ಹಾರ್ನ್‌ಬಿ ಆಯಿತು. ಮುಂದುವರಿದಿದ್ದು ಪ್ಲಾಸ್ಟಿಕ್ಕಿನ, ಎಲ್ಲರ ಕೈಗೆಟುಕುವ ದಾರಿ. ಇವತ್ತು ಹಾರ್ನ್‌ಬಿ ಅಂತ ಹೆಮ್ಮೆಯಿಂದ ಕಪಾಟಿನಲ್ಲಿ ಇಡುವವರು ಇದನ್ನು ನೆನಪಿಡಬೇಕು.

ಈಗ ನಮ್ಮಲ್ಲಿ ಏನಾಗಿದೆ? ಹೊರಗಿನಿಂದ ಬರುವ ಆಟಿಕೆ ಮೇಲಿನ ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ ಶೇ 70 ಆಯಿತು. 2021ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನಾನು ಎರಡನ್ನೂ ಬೇಡ ಅನ್ನುವುದಿಲ್ಲ. ಮಕ್ಕಳು ಬಾಯಿಗೆ ಹಾಕುವ ವಸ್ತು, ಪರೀಕ್ಷೆ ಆಗಲೇಬೇಕು. ಇಲ್ಲೇ ತಯಾರಾಗಲಿ ಅನ್ನುವ ಉದ್ದೇಶವೂ ಸರಿ. ಆದರೆ ಬಾಗಿಲು ಹಾಕಿದ ಮೇಲೆ ಒಳಗೆ ಅಡುಗೆ ಆಗಬೇಕಲ್ಲ. ಐನೂರರ ಸೆಟ್‌ಗೂ ಇಪ್ಪತ್ತು ಸಾವಿರದ ಇಂಜಿನ್‌ಗೂ ನಡುವೆ ನಮ್ಮ ಅಂಗಡಿಗಳಲ್ಲಿ ಏನೂ ಕಾಣುವುದಿಲ್ಲ.

ನಡುವೆ ಏನು ಬರಬೇಕು ಅಂತ ನಾನು ಬಹಳ ಯೋಚಿಸಿದ್ದೇನೆ.

ಜಗತ್ತಿನಲ್ಲಿ ಜಾಸ್ತಿ ಓಡುವ ಮಾದರಿ ಅಳತೆ ಎಚ್ಒ. ಅಸಲಿಯ 87ನೇ ಒಂದು ಭಾಗ, ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿಲಿಮೀಟರ್. ಇದರಲ್ಲಿ ಸಾಮಾನ್ಯವಾಗಿ ಹಳಿಯಲ್ಲೇ 12 ವೋಲ್ಟ್ ಕರೆಂಟ್ ಹರಿಯುತ್ತದೆ, ಲೋಹದ ಚಕ್ರ ಅದನ್ನು ಎತ್ತಿಕೊಂಡು ಮೋಟರಿಗೆ ಕೊಡುತ್ತದೆ. ಹಳಿ ಮೇಲೆ ಸ್ವಲ್ಪ ಧೂಳು ಕೂತರೂ ಗಾಡಿ ಮುಗ್ಗರಿಸುತ್ತದೆ. ಕಾರ್ಖಾನೆಗಳಿರುವ ಗಿಣಿಗೇರಿ ಕಡೆ ಇರುವವರಿಗೆ ಗೊತ್ತು, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಬಳ್ಳಾರಿ, ಸಂಡೂರು ಕಡೆಯಂತೂ ಕೆಂಪು ಧೂಳು. ದಿನಾ ಹಳಿ ಒರೆಸುತ್ತಾ ಕೂರುವವರು ಯಾರು? ನಮಗೆ ಇಂಜಿನ್ ಒಳಗೇ ಬ್ಯಾಟರಿ ಇರುವುದೇ ಸರಿ. ಹಳಿ ಪೂರ್ತಿ ಪ್ಲಾಸ್ಟಿಕ್ ಆಗಬಹುದು, ಅಗ್ಗ ಆಗುತ್ತದೆ, ಶಾಕ್ ಭಯ ಇಲ್ಲ, ಕರೆಂಟ್ ಹೋದರೂ ಆಟ ನಿಲ್ಲುವುದಿಲ್ಲ. ಆದರೆ ಹಳಿಯ ಅಗಲ ಮಾತ್ರ ಅದೇ 16.5 ಮಿಲಿಮೀಟರ್ ಇರಲಿ. ಹುಡುಗ ದೊಡ್ಡವನಾಗಿ ಸಂಬಳ ತಗೊಂಡು ಲೋಹದ ಹಳಿ ತಂದರೆ ಚಿಕ್ಕಂದಿನ ವ್ಯಾಗನ್ ಅದರ ಮೇಲೂ ಓಡಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರ್‌ಗಿಂತ ಚೂರು ಜಾಸ್ತಿ ಬರುತ್ತದೆ ಅಂತ ಹವ್ಯಾಸಿಗಳು ವಾದ ಮಾಡುತ್ತಾರೆ. ಲೆಕ್ಕ ಸರಿಯಿದೆ. ಆದರೆ ಮೂರು ಮಿಲಿಮೀಟರ್‌ಗೋಸ್ಕರ ಇಡೀ ಜಗತ್ತಿನ ಹಳಿಗೆ ಕೂಡದ ಇನ್ನೊಂದು ಅಳತೆ ನನಗೆ ಬೇಡ.

ಇನ್ನು ಗಾಡಿ. ಎಲ್ಲರೂ ವಂದೇ ಭಾರತ್ ಮಾಡೋಣ ಅಂತಾರೆ. ಅದರ ಬೋಗಿಯಾಗಲಿ, ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಎಲ್‌ಎಚ್‌ಬಿ ಅನ್ನುವ ಬೋಗಿಯಾಗಲಿ ಸುಮಾರು 24 ಮೀಟರ್ ಉದ್ದ, ಎಚ್ಒ ಅಳತೆಗೆ ತಂದರೆ 27 ಸೆಂಟಿಮೀಟರ್ ದಾಟುತ್ತದೆ. ಅಷ್ಟುದ್ದದ ಬೋಗಿ ಮನೆಯ ಸಣ್ಣ ತಿರುವಿನಲ್ಲಿ ಸಲೀಸಾಗಿ ತಿರುಗಲ್ಲ. ಅಮೆರಿಕದ ಆರಂಭದ ಸೆಟ್‌ಗಳಲ್ಲಿ ಬರುವ 18 ಇಂಚು ತ್ರಿಜ್ಯದ ತಿರುವಿಗೇ ಮೂರಡಿಗಿಂತ ಹೆಚ್ಚು ಅಗಲದ ಜಾಗ ಬೇಕು. ಅದಕ್ಕೇ ಆಟಿಕೆಯವರು ಬೋಗಿಯನ್ನು ಮೊಟಕು ಮಾಡುತ್ತಾರೆ, ನೋಡಲು ಚೆನ್ನಾಗಿರಲ್ಲ.

ನಮ್ಮ ಕಣ್ಣೆದುರೇ ಬೇರೆ ಗಾಡಿ ಇದೆ. ತೋರಣಗಲ್ಲು, ಹೊಸಪೇಟೆ, ಬಳ್ಳಾರಿಯಲ್ಲಿ ದಿನವಿಡೀ ಓಡುವ ಅದಿರಿನ ಗೂಡ್ಸ್. ಆ ತೆರೆದ ವ್ಯಾಗನ್‌ಗೆ ರೈಲ್ವೆಯವರು ಬಾಕ್ಸ್‌ಎನ್ ಅಂತಾರೆ. ಅದರ ಉದ್ದ 10.7 ಮೀಟರ್ ಅಷ್ಟೇ. ಎಚ್ಒದಲ್ಲಿ 12.3 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ! ಮೊಟಕು ಮಾಡುವ ಕೆಲಸವೇ ಇಲ್ಲ, ಸಣ್ಣ ತಿರುವಿನಲ್ಲೂ ಆರಾಮಾಗಿ ಹೋಗುತ್ತದೆ. ಮೇಲೆ ಮುಚ್ಚಳ ಇಲ್ಲ, ಕಿಟಕಿ ಇಲ್ಲ, ಗಾಜು ಇಲ್ಲ, ಒಳಗೆ ಸೀಟು ಇಲ್ಲ. ಪ್ಲಾಸ್ಟಿಕ್ ಆಟಿಕೆಯಲ್ಲಿ ದೊಡ್ಡ ಖರ್ಚು ಅಚ್ಚು ಮಾಡಿಸುವುದು. ಬೋಗಿ ಆದರೆ ಎಸಿ, ಸ್ಲೀಪರ್, ಜನರಲ್ ಅಂತ ಒಂದೊಂದಕ್ಕೂ ಬೇರೆ ಅಚ್ಚು ಬೇಕು. ಅದಿರಿನ ಗೂಡ್ಸ್‌ನಲ್ಲಿ 58-59 ವ್ಯಾಗನ್ ಎಲ್ಲವೂ ಒಂದೇ ಥರ. ಒಂದೇ ಅಚ್ಚು, ಲಕ್ಷ ವ್ಯಾಗನ್ ತೆಗೆಯಿರಿ. ಬಿಡಿಬಿಡಿಯಾಗಿ ಮಾರಿ. ಮಗು ಹುಟ್ಟುಹಬ್ಬಕ್ಕೆ ಒಂದು, ದೀಪಾವಳಿಗೆ ಒಂದು ತಗೊಳ್ಳಲಿ. ಒಳಗೆ ಅಂಗಳದ ಕೆಂಪು ಹರಳು ತುಂಬಿದರೆ ಮುಗಿಯಿತು, ಬಳ್ಳಾರಿಯ ಗೂಡ್ಸ್ ತಯಾರು. ರಾಯಚೂರಿನ ಮಕ್ಕಳು ಇದ್ದಿಲ ಚೂರು ತುಂಬಿ ಶಕ್ತಿನಗರಕ್ಕೆ ಕಲ್ಲಿದ್ದಲು ಸಾಗಿಸಲಿ.

ಇದನ್ನು ಮಾಡುವ ಜಾಗ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಇದೆ. ದೇಶದ ಮೊದಲ ಆಟಿಕೆ ಕ್ಲಸ್ಟರ್ ಅಂತ 2020ರಲ್ಲಿ ಘೋಷಣೆ ಆಯಿತು, 2021ರಲ್ಲಿ ಶಂಕುಸ್ಥಾಪನೆ ಆಯಿತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಚ್ಚಿನ ಕೆಲಸ ಬಲ್ಲವರು, ಯಂತ್ರ, ಪರೀಕ್ಷೆ ಎಲ್ಲ ಒಂದೇ ಕಡೆ. ಕೊಪ್ಪಳ ಬಿಟ್ಟ ಗಾಡಿ ಗದಗ ಕಡೆ ಹೋಗುವಾಗ ಸಿಗುವ ಸ್ಟೇಷನ್ನೇ ಭಾನಾಪುರ. ಅಲ್ಲಿ ತಯಾರಾದ ಆಟಿಕೆ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ, ಸಂತೋಷ, ಹೋಗಲಿ. ಜೊತೆಗೆ ಒಂದು ಇಂಜಿನ್, ಒಂದು ವ್ಯಾಗನ್, ನೇರ ಹಳಿ, ಬಾಗಿದ ಹಳಿ, ಎಡಕ್ಕೊಂದು ಬಲಕ್ಕೊಂದು ಪಾಯಿಂಟ್, ಇಷ್ಟು ಕೊಪ್ಪಳದ ಅಂಗಡಿಗೂ ಬರಲಿ. ಸ್ಟೇಷನ್ ಕಟ್ಟಡ, ಬೆಂಚು, ಬುಟ್ಟಿ ಹೊತ್ತ ಹೆಂಗಸು, ಟಿಸಿ, ಇವನ್ನೆಲ್ಲ ಕಿನ್ನಾಳದ ಗೊಂಬೆ ಮಾಡುವವರು ಹಗುರ ಮರದಲ್ಲಿ ಮಾಡಿ ಬಣ್ಣ ಹಚ್ಚಿಕೊಟ್ಟರೆ ಅದಕ್ಕಿಂತ ಚೆಂದ ಇನ್ನೇನಿದೆ?

ಯಾರು ಕೊಳ್ಳುತ್ತಾರೆ ಅಂತ ಕೇಳುವವರು ಇದ್ದಾರೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದಾಗ, 2025ರ ಮೇನಲ್ಲಿ ಕುಷ್ಟಗಿಗೆ ಬಂದಾಗ ಸ್ಟೇಷನ್‌ನಲ್ಲಿ ಸೇರಿದ ಜನ ನೋಡಿ. ಅಪ್ಪಂದಿರ ಹೆಗಲ ಮೇಲೆ ಕೂತ ಮಕ್ಕಳೇ ಗಿರಾಕಿಗಳು. ತಮ್ಮ ಊರಿಗೆ ಮೊದಲ ರೈಲು ಬಂದಿದ್ದನ್ನು ಕಂಡ ಮಕ್ಕಳು ಅವರು. ಮನೆಗೆ ಹೋಗಿ ಬೆಂಕಿಪೊಟ್ಟಣ ಸಾಲಾಗಿ ಕಟ್ಟಿ ಎಳೆಯುವವರು.

ಅಂಗಡಿಯವರ ಕಷ್ಟವೂ ಗೊತ್ತು. ಬಿಡಿ ಮಾಲು ಅಂದರೆ ಲೆಕ್ಕ ಇಡಬೇಕು, ಜಾಗ ಬೇಕು, ಲಾಭ ಕಡಿಮೆ. ಆದರೆ ಸೆಟ್ ತಗೊಂಡವನು ಮತ್ತೆ ಆ ಅಂಗಡಿಗೆ ಬರಲು ಕಾರಣವೇ ಇರುವುದಿಲ್ಲ. ಹಳಿ ತಗೊಳ್ಳುವ ಮಗು ಪ್ರತಿ ತಿಂಗಳು ಅಪ್ಪನ ಕೈ ಹಿಡಿದು ಎಳೆದುಕೊಂಡು ಬರುತ್ತದೆ. ದಯವಿಟ್ಟು ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ ಒಂದು ಮಾತು ಕೇಳಿ: ಈ ಸೆಟ್‌ನ ಹಳಿ ಬೇರೆಯಾಗಿ ಕಳಿಸುತ್ತೀರಾ? ಹತ್ತು ಅಂಗಡಿಯವರು ಕೇಳಿದರೆ ಕಂಪನಿಗೆ ಕೇಳಿಸುತ್ತದೆ.

ಅಲ್ಲಿವರೆಗೆ ತಂದೆ ತಾಯಿಗಳು ಒಂದು ಕೆಲಸ ಮಾಡಬಹುದು. ದೊಡ್ಡ ಸೆಟ್ ಒಂದು ತರುವ ಬದಲು, ಒಂದೇ ಕಂಪನಿಯ, ಒಂದೇ ಮಾದರಿಯ ಸಣ್ಣ ಸೆಟ್ ಎರಡು ತನ್ನಿ. ಬಾಕ್ಸ್ ತೆಗೆಸಿ ಎರಡರ ಹಳಿಯೂ ಕೂಡುತ್ತದೆಯಾ ಅಂತ ಅಂಗಡಿಯಲ್ಲೇ ನೋಡಿ. ಹಳಿ ದುಪ್ಪಟ್ಟಾದರೆ ದುಂಡಗಿನ ದಾರಿ ಸೊಟ್ಟಗೆ ಬಳುಕುತ್ತಾ ಮಂಚದ ಕೆಳಗೂ ಹೋಗಿ ಬರುತ್ತದೆ, ಒಂದು ಇಂಜಿನ್ ಕೆಟ್ಟರೆ ಇನ್ನೊಂದು ಇರುತ್ತದೆ. ಹಿಂದಿನ ಚಕ್ರದ ರಬ್ಬರ್ ಉಂಗುರ ಬಿಚ್ಚಿಹೋದರೆ ಗಾಡಿ ಎಳೆಯಲ್ಲ, ಮೋಟರ್ ಹೋಯಿತು ಅಂತ ಎಸೆಯಬೇಡಿ, ಮೊದಲು ಅದನ್ನು ನೋಡಿ. ಆಡದ ದಿನ ಸೆಲ್ ತೆಗೆದಿಡಿ.

ಕೊಪ್ಪಳ, ಬಳ್ಳಾರಿ, ರಾಯಚೂರಿನಲ್ಲಿ ಬಿಡಿ ಹಳಿ ಮಾರುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಇಲ್ಲೇ ಹೇಳಿ. ಈ ಭಾನುವಾರವೇ ಹೋಗಿ ಬರುತ್ತೇನೆ.