ಕಂಬದ ಮೇಲೆ ಬೋರ್ಡು, ಕಂಬದ ಬುಡದಲ್ಲಿ ಬೀಡಿ

ನಿನ್ನೆ ಸಂಜೆ ಶಿರಸಿ ಬಸ್ಸಿಗೆ ಕಾಯ್ತಾ ಕುಂತಿದ್ದೆ. ಯಾವ ನಿಲ್ದಾಣ ಅಂತ ಕೇಳಬೇಡಿ, ಘಟ್ಟದ ಕೆಳಗಿನದು. ಹೊರಗೆ ಮಳೆ ಅಂದ್ರೆ ನಮ್ಮ ಜಿಲ್ಲೆಯ ಮಳೆ. ಇಡೀ ಊರು ಒಂದೇ ಮಾಡಿನ ಕೆಳಗೆ. ಅಷ್ಟರಲ್ಲಿ ಒಬ್ಬ ಪ್ಲಾಸ್ಟಿಕ್ ಕೊಟ್ಟೆಯಿಂದ ಬೀಡಿ ತೆಗೆದ. ಥಂಡಿ ಹಿಡಿದ ಬೆಂಕಿಕಡ್ಡಿ ನಾಲ್ಕು ಹಾಳು ಮಾಡಿ ಐದನೆಯದರಲ್ಲಿ ಹೊತ್ತಿಸಿಯೇ ಬಿಟ್ಟ. ಪಕ್ಕದಲ್ಲೇ ಉಲ್ಲನ್ ಟೋಪಿ ಹಾಕಿದ ಕೂಸು, ಅದರ ಅಮ್ಮ ಸೆರಗಲ್ಲಿ ಗಾಳಿ ಬೀಸ್ತಾ ಇದ್ಲು.

ಅವನ ತಲೆ ಮೇಲೇ ಬೋರ್ಡು! 'ಇಲ್ಲಿ ಧೂಮಪಾನ ಮಾಡುವುದು ಅಪರಾಧ.' ದಂಡ ಇನ್ನೂ 200 ಅಂತಲೇ ಇದೆ. 2025ರಲ್ಲಿ ತಂಬಾಕು ಕಾಯ್ದೆಗೆ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂದು 1000 ರೂಪಾಯಿ ಆದದ್ದು ಆ ಕಂಬಕ್ಕೆ ಯಾರೂ ಹೇಳಿಲ್ಲ. ದೂರು ಯಾರಿಗೆ ಕೊಡಬೇಕು ಅನ್ನೋ ಹೆಸರನ್ನೂ ಹಾಕಬೇಕು ಅಂತ 2008ರ ನಿಯಮ. ಆ ಜಾಗ ಖಾಲಿ. ಹೆಸರಿದ್ದಿದ್ರೂ ಅದರ ಮೇಲೆ ಕೆಂಪು ಉಗುಳು ಒಣಗಿತ್ತು, ಬಿಡಿ.

ದಂಡ ಹತ್ತು ಸಾವಿರ ಮಾಡ್ಲಿ, ವಸೂಲಿ ಮಾಡೋರು ಯಾರು ಮಾರಾಯ್ರೆ? ಕಂಡಕ್ಟರಿಗೆ ಹೇಳಿದ್ರೆ 'ನಂಗೆ ಟ್ರಿಪ್ ಶೀಟ್ ಬರ್ಯೂಕೇ ಪುರ್ಸೊತ್ತಿಲ್ಲ' ಅಂದ. ಸಿಗರೇಟು ಬಿಡಿಬಿಡಿಯಾಗಿ ಮಾರೋ ಹಂಗಿಲ್ಲ, 21 ವರ್ಷ ಆಗದವರಿಗೆ ಕೊಡೋ ಹಂಗಿಲ್ಲ. ಎದುರಿನ ಗೂಡಂಗಡಿಯಲ್ಲಿ ಮಾತ್ರ ಲೈಟರನ್ನ ದಾರ ಕಟ್ಟಿ ತೂಗುಬಿಟ್ಟಿದ್ದಾರೆ, ದೇವಸ್ಥಾನದ ಗಂಟೆ ಹಂಗೆ. ಬಂದವರೆಲ್ಲ ಎಳೀತಾರೆ.

'ಪಾಪ, ಬಡವ, ಮಳೆಯಲ್ಲಿ ಎಲ್ಲಿಗೆ ಹೋಗ್ತಾನೆ' ಅಂತ ಕಮೆಂಟ್ ಹಾಕೋರು ಬರ್ತೀರಿ, ಗೊತ್ತು. ಆ ಕೂಸು ಎಲ್ಲಿಗೆ ಹೋಗ್ಬೇಕು? ಅವನ ಕೈಯಲ್ಲಿ ಕೊಡೆ ಇತ್ತು.

ಕಡೆಗೆ ತಡೀಲಿಲ್ಲ. ಎದ್ದು ಹೋಗಿ ಬೋರ್ಡು ತೋರಿಸಿದೆ. ಅವನು ಬೋರ್ಡು ನೋಡಲಿಲ್ಲ, ನನ್ನ ಬಾಯಿ ನೋಡಿದ. 'ಭಟ್ರೇ, ನಿಮ್ ಬಾಯಲ್ಲಿ ಇರೂದೆಂತದು?'

ನನ್ನ ಕವಳದ, ಅಂದ್ರೆ ಎಲೆ-ಅಡಿಕೆಯ, ವಿಚಾರ ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹೊಗೆಸೊಪ್ಪಿಲ್ಲದ ಕವಳ ನಂಗೆ ಸೇರೋದಿಲ್ಲ. ಅದೇ ತಿದ್ದುಪಡಿಯಲ್ಲಿ ಸಾರ್ವಜನಿಕ ಜಾಗದಲ್ಲಿ ತಂಬಾಕು ಜಗಿಯೋದೂ, ಉಗಿಯೋದೂ ಸೇರಿದೆ, ಅದೂ ಗೊತ್ತಿತ್ತು. ನನ್ನ ಕವಳ ಯಾವ ಕೂಸಿನ ಮೂಗಿಗೂ ಹೋಗೋದಿಲ್ಲ ಅಂತ ಹೇಳಬೇಕಿತ್ತು. ಆದ್ರೆ ಬಾಯಿ ತುಂಬಿತ್ತು, ಮಾತಾಡೂಕೆ ಬರಲಿಲ್ಲ.

ಮಳೆಯಲ್ಲೇ ರಸ್ತೆ ದಾಟಿ, ಗಟಾರದ ಹತ್ರ ಉಗಿದು ಬಂದೆ. ಅಷ್ಟೊತ್ತಿಗೆ ನನ್ನ ಜಾಗದಲ್ಲಿ ಅವನು ಕುಂತಿದ್ದ. ಬೀಡಿ ಇನ್ನೂ ಅರ್ಧ ಇತ್ತು.