ದೊಡ್ಡಪ್ಪನ ಕಣ್ಣು

ನಮ್ಮ ಮನೆಯ ಆಲ್ಬಮ್ಮಿನಲ್ಲಿ ದೊಡ್ಡಪ್ಪನಿಗೆ ಕಣ್ಣಿಲ್ಲ. ಹಾಗಂತ ಅವರ ಕಣ್ಣಿಗೇನೂ ಆಗಿಲ್ಲ. ಕನ್ನಡಕ ಏರಿಸಿದರೆ ಮಾತ್ರೆ ಚೀಟಿಯ ಹಿಂದಿರುವ ಇರುವೆಯಂಥ ಅಕ್ಷರಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಆಲ್ಬಮ್ಮಿನಲ್ಲಿ ಮಾತ್ರ ಆ ಕನ್ನಡಕದ ಒಂದೊಂದು ಗಾಜಿನಲ್ಲೂ ಒಂದೊಂದು ಸೂರ್ಯ. ಒಟ್ಟು 11 ಫೋಟೋ, 22 ಸೂರ್ಯ. ಅಷ್ಟೂ ನನ್ನ ಕೈಚಳಕವೇ.

ಬೆಳಕು ಯಾವ ಕೋನದಲ್ಲಿ ಬಂದು ಬಡಿಯುತ್ತದೋ ಅದೇ ಕೋನದಲ್ಲಿ ವಾಪಸ್ ಹೋಗುತ್ತದೆ ಅಂತ ಶಾಲೆಯಲ್ಲೇ ಹೇಳಿಕೊಟ್ಟಿದ್ದರು. ಫ್ಲ್ಯಾಶ್ ಕ್ಯಾಮೆರಾದ ನೆತ್ತಿಯ ಮೇಲೆ ಕೂತಿರುವಾಗ ದೊಡ್ಡಪ್ಪ ಗದ್ದ ಒಂಚೂರು ಇಳಿಸಿದ್ದರೆ ಆ ಬೆಳಕು ನೆಲಕ್ಕೆ ಹೋಗುತ್ತಿತ್ತು. ನಾನೋ, ಪ್ರತಿ ಸಲವೂ "ದೊಡ್ಡಪ್ಪ, ತಲೆ ಎತ್ತಿ, ನೆಟ್ಟಗೆ ಇಲ್ಲಿ ನೋಡಿ" ಎನ್ನುತ್ತಿದ್ದೆ. ಪಾಪ, ಹೇಳಿದ ಹಾಗೆ ಕೇಳುವ ಮನುಷ್ಯ.

ಕನ್ನಡಕ ಇಲ್ಲದವರ ಪಾಡು ಇದಕ್ಕಿಂತ ಕೆಟ್ಟದು. ಅರೆಗತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಲೆನ್ಸಿನ ಪಕ್ಕದಿಂದಲೇ ಹೊರಟ ಫ್ಲ್ಯಾಶ್ ಸೀದಾ ಒಳನುಗ್ಗಿ, ಕಣ್ಣಿನ ಹಿಂಗೋಡೆಯ ರಕ್ತದ ಬಣ್ಣ ಹೊತ್ತುಕೊಂಡು ಬಂದ ದಾರಿಯಲ್ಲೇ ತಿರುಗಿ ಬರುತ್ತದೆ. ಹೀಗೆ ಸೌಮ್ಯ ಸ್ವಭಾವದ ನಮ್ಮ ಅತ್ತೆ ಮೂರು ಫೋಟೋಗಳಲ್ಲಿ ದೆವ್ವ ಮೆಟ್ಟಿಕೊಂಡವರಂತೆ ಕೆಂಗಣ್ಣು ಬಿಟ್ಟಿದ್ದಾರೆ. ಇದಕ್ಕೂ ಕ್ಯಾಮೆರಾದಲ್ಲಿ ಮದ್ದುಂಟು: ಮೊದಲೊಂದು ಸಣ್ಣ ಮಿಂಚು ಹೊಡೆದು ಪಾಪೆ ಕುಗ್ಗಿಸಿ, ಆಮೇಲೆ ದೊಡ್ಡ ಮಿಂಚು. ಅದನ್ನೂ ಮಾಡಿ ನೋಡಿದೆ. ಸಣ್ಣ ಮಿಂಚು ಬಿದ್ದ ಕೂಡಲೇ "ಆಯ್ತಲ್ಲ" ಅಂತ ಎಲ್ಲರೂ ಎದ್ದರು. ದೊಡ್ಡ ಮಿಂಚಿಗೆ ಸಿಕ್ಕಿದ್ದು ಬೆನ್ನುಗಳು. ಒಂದರಲ್ಲೂ ಕೆಂಗಣ್ಣಿರಲಿಲ್ಲ, ಅದು ನಿಜ.

ಅಲ್ಲಿಗೆ ನಾನು ನೈಸರ್ಗಿಕ ಬೆಳಕಿನ ಪಕ್ಷಕ್ಕೆ ಹಾರಿದೆ. "ನಾನು ಫ್ಲ್ಯಾಶ್ ಮುಟ್ಟಲ್ಲ" ಎಂದು ವ್ರತ ಹಿಡಿದವನ ಗತ್ತಿನಲ್ಲಿ ಹೇಳಿಕೊಂಡು ತಿರುಗಿದೆ. ಕೇಳಿದವರು ಇದೇನೋ ಕಲೆಯ ವಿಚಾರ ಅಂದುಕೊಂಡು ತಲೆದೂಗಿದರು. ಅದರ ಹಿಂದೆ ಇದ್ದದ್ದು ಬರೀ ಭಯ ಅಂತ ನಾನೂ ಬಾಯಿ ಬಿಡಲಿಲ್ಲ.

ಮೊದಲ ಪ್ರಯೋಗ ಅತ್ತೆಯ ಮೇಲೆಯೇ. ಕಿಟಕಿಯ ಪಕ್ಕ ಕೂರಿಸಬೇಕು ಅಂತ ಓದಿದ್ದೆ. ಕಿಟಕಿಗೆ ಬೆನ್ನು ಮಾಡಿ ಕೂರಿಸಿದೆ. ಕ್ಯಾಮೆರಾ ಹೊರಗಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿತು. ಕಿಟಕಿಯ ಸರಳು, ಚಿಲಕ, ಆಚೆಯ ಮರದ ಎಲೆ ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಅತ್ತೆ ಇದ್ದ ಜಾಗದಲ್ಲಿ ಅತ್ತೆಯ ಆಕಾರದ ಒಂದು ಇದ್ದಿಲ ಗುಡ್ಡೆ. ಅತ್ತೆ ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಕಿಟಕಿಗೆ ಪೇಂಟು ಚೆನ್ನಾಗಿ ಕೂತಿದೆ ಕಣೋ" ಅಂದರು. ಮುಖ ಕಿಟಕಿಯ ಕಡೆ ತಿರುಗಿಸಿ ಮತ್ತೆ ಕೂರಿಸಿದೆ. ಅಷ್ಟರಲ್ಲಿ ಮೋಡ ಬಂತು. ಮೋಡ ಸರಿಯುವಷ್ಟರಲ್ಲಿ ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು. ಆ ಬೆಳಕು ಎಷ್ಟು ಮೃದುವಾಗಿತ್ತೆಂದರೆ, ಬಾಯಿ ತೆರೆದು ಮಲಗಿದವರ ಫೋಟೋಗಳಲ್ಲಿ ಅಷ್ಟು ಚೆಂದದ್ದನ್ನು ನಾನು ಇನ್ನೊಂದು ಕಂಡಿಲ್ಲ. ಮನೆಯಲ್ಲಿ ಯಾರಿಗೂ ತೋರಿಸುವಂತಿಲ್ಲ, ಅಷ್ಟೆ.

ಎರಡನೆಯದು ಅಕ್ಕನ ಮಗಳ ಹುಟ್ಟುಹಬ್ಬ. ಸಂಜೆ, ಕೋಣೆಯಲ್ಲಿ ಒಂದು ಹಳದಿ ಬಲ್ಬು. ಮಗು ಕುಣಿಯುತ್ತಿತ್ತು. ವ್ರತ ಬಿಡದೆ, ಬೆಳಕನ್ನು ಒಳಬಿಡುವ ಬಾಗಿಲಾದ ಷಟರನ್ನು 1/15 ಸೆಕೆಂಡಿಗೆ ಇಳಿಸಿದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಲ್ಲವೇ ಅಂದುಕೊಂಡೆ. ಮೂರು ವರ್ಷದ ಮಗುವಿಗೆ ಅದೊಂದು ಯುಗ. ಫೋಟೋದಲ್ಲಿ ನಾಲ್ಕು ಕೈ, ಎರಡು ಮೂಗು. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್ಒ ಅಂಕಿಯನ್ನು 6400ಕ್ಕೆ ಏರಿಸಿ ಷಟರಿನ ವೇಗ ಹೆಚ್ಚಿಸಿದರೆ ಕೈಗಳೇನೋ ಎರಡಕ್ಕೆ ಬಂದವು, ಮುಖದ ಮೇಲೆ ಮಾತ್ರ ರವೆ ಚೆಲ್ಲಿದ ಹಾಗಾಯಿತು. "ಮಗುಗೆ ಏನೋ ಎದ್ದಿದೆಯಲ್ಲೋ ಮೈಮೇಲೆ" ಅಂತ ಅಕ್ಕ ಗಾಬರಿಯಾದಳು.

ಸೋತು ಒಂದು ಬಿಡಿ ಫ್ಲ್ಯಾಶ್ ಕೊಂಡೆ, ತಲೆ ತಿರುಗಿಸುವಂಥದ್ದು. ಬೆಳಕನ್ನು ಮುಖಕ್ಕೆ ಬಿಡದೆ ಗೋಡೆಗೋ ಸೂರಿಗೋ ಹೊಡೆದರೆ, ಅಲ್ಲಿಂದ ಚದುರಿ ಕಿಟಕಿಯ ಬೆಳಕಿನ ಹಾಗೇ ಮೆತ್ತಗೆ ಇಳಿಯುತ್ತದೆ. ಆದರೆ ಬೆಳಕು ಬರುವಾಗ ಆ ಗೋಡೆಯ ಬಣ್ಣವನ್ನೂ ಮೆತ್ತಿಕೊಂಡು ಬರುತ್ತದೆ ಎನ್ನುವುದನ್ನು ಅಕ್ಕನ ಮನೆಯ ಗಿಳಿಹಸಿರು ಗೋಡೆಯೇ ಕಲಿಸಬೇಕಾಯಿತು. ಆ ದಿನದ ಫೋಟೋದಲ್ಲಿ ಇಡೀ ಬಳಗಕ್ಕೆ ಪಿತ್ತ ಕೆದರಿದೆ.

ಇನ್ನೊಂದು ಸಲ ಎಲ್ಲರನ್ನೂ ಬಿಳಿ ಗೋಡೆಯ ಹಾಲ್‌ನಲ್ಲಿ ನಿಲ್ಲಿಸಿ, ಮಕ್ಕಳನ್ನು ಮುಂದೆ ನೆಲದ ಮೇಲೆ ಕೂರಿಸಿ, ಯಾರೂ ಅಲ್ಲಾಡಿ ಮಸುಕಾಗಬಾರದು ಅಂತ ಷಟರನ್ನು 1/400ಕ್ಕೆ ಏರಿಸಿ ಕ್ಲಿಕ್ ಮಾಡಿದೆ. ಅಲ್ಲಾಡುವುದನ್ನು ಹಿಡಿಯಲು ಫ್ಲ್ಯಾಶಿನ ಕ್ಷಣಮಾತ್ರದ ಮಿಂಚೇ ಸಾಕಿತ್ತು, ಅದು ಆಗ ಗೊತ್ತಿರಲಿಲ್ಲ. ಷಟರ್ ಅಂದರೆ ಕ್ಯಾಮೆರಾದೊಳಗಿನ ಎರಡು ಪರದೆ. ನನ್ನಂಥ ಕ್ಯಾಮೆರಾಗಳಲ್ಲಿ ಸುಮಾರು 1/200 ಸೆಕೆಂಡಿನವರೆಗೆ ಮಾತ್ರ ಎರಡೂ ಒಟ್ಟಿಗೆ ಪೂರ್ತಿ ಸರಿದಿರುತ್ತವೆ. ಅದಕ್ಕಿಂತ ವೇಗವಾದರೆ ಒಂದು ತೆರೆದು ಮುಗಿಯುವ ಮುಂಚೆಯೇ ಇನ್ನೊಂದು ಮುಚ್ಚುತ್ತಾ ಬರುತ್ತದೆ, ಫ್ಲ್ಯಾಶಿಗೆ ಅಡ್ಡ ನಿಲ್ಲುತ್ತದೆ. ಫೋಟೋದ ಕೆಳಭಾಗಕ್ಕೆ ಟಾರು ಬಳಿದಂತೆ ಕಪ್ಪು ಪಟ್ಟಿ. ಏಳು ಮಕ್ಕಳು ನಾಪತ್ತೆ. ಭಾವ ಒಂದು ನಿಮಿಷ ದಿಟ್ಟಿಸಿ, "ಅಂತೂ ಗಲಾಟೆ ಇಲ್ಲದ ಫೋಟೋ" ಅಂದರು.

ಇಂಥ ಹೊತ್ತಲ್ಲಿ ನನಗೆ ಸಮಾಧಾನ ಕೊಡುವವನು ಜೇಕಬ್ ರೀಸ್. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಮ್ ಬೆರೆಸಿದ ಫ್ಲ್ಯಾಶ್ ಪುಡಿ ಕಂಡುಹಿಡಿದರು. ಅದನ್ನು ಹಿಡಿದು ನ್ಯೂಯಾರ್ಕಿನ ಬಡವರ ಕತ್ತಲೆ ಕೋಣೆಗಳಿಗೆ ಹೊಕ್ಕ ಪತ್ರಕರ್ತ ಈತ. ಕುರುಡ ಭಿಕ್ಷುಕರಿದ್ದ ಒಂದು ಕೋಣೆಯಲ್ಲಿ ಪುಡಿ ಹೊತ್ತಿಸಿದಾಗ ಗೋಡೆಗೆ ತೂಗುಬಿದ್ದಿದ್ದ ಕಾಗದ, ಚಿಂದಿಗಳಿಗೆ ಬೆಂಕಿ ತಗುಲಿತು. ಹೆಣಗಾಡಿ ಆರಿಸಿ ಹೊರಬಂದು ಪೊಲೀಸನಿಗೆ ಹೇಳಿದರೆ, ಅವನು ನಕ್ಕುಬಿಟ್ಟನಂತೆ: ಆ ಮನೆ ಹಿಂದಿನ ಚಳಿಗಾಲದಲ್ಲೇ ಆರು ಸಲ ಹೊತ್ತಿಕೊಂಡಿತ್ತು, ಗೋಡೆಯ ಕೊಳೆ ಎಷ್ಟು ದಪ್ಪ ಅಂದರೆ ಬೆಂಕಿಗೇ ಉಸಿರು ಕಟ್ಟುತ್ತದೆ! ನಾನು ಕಳೆದದ್ದು ಏಳು ಮಕ್ಕಳನ್ನು, ಅದೂ ಫೋಟೋದಲ್ಲಿ ಮಾತ್ರ.

ಹೋದ ತಿಂಗಳು ಕೊನೆಗೂ ಎಲ್ಲ ಕೂಡಿಬಂತು. ಬಿಳಿ ಸೂರು, ಪಕ್ಕದಿಂದ ಕಿಟಕಿಯ ಬೆಳಕು, ಷಟರ್ 1/125, ಫ್ಲ್ಯಾಶಿನ ಮುಖ ಮೇಲಕ್ಕೆ. ಕುರ್ಚಿಯಲ್ಲಿ ದೊಡ್ಡಪ್ಪ. ಸುಮ್ಮನೆ ಒಂದು ತೆಗೆದು ನೋಡಿದೆ: ಗಾಜಿನಲ್ಲಿ ಸೂರ್ಯನ ಸುಳಿವಿಲ್ಲ. ಬೆಳಕಿನ ಅಳತೆಗೆ ತೆಗೆದದ್ದು, ಅವರು ಆಕಳಿಸುತ್ತಿದ್ದರು, ಅಳಿಸಿಬಿಟ್ಟೆ. "ದೊಡ್ಡಪ್ಪ, ಈಗ ನಿಜವಾದ್ದು, ರೆಡೀನಾ?" ಅಂದೆ. 11 ಫೋಟೋಗಳ ಅನುಭವ ಇರುವ ಮನುಷ್ಯ. ಸರಕ್ಕನೆ ಕನ್ನಡಕ ತೆಗೆದು ಜೇಬಿಗಿಟ್ಟು, ಪಂಚೆ ಸರಿಮಾಡಿಕೊಂಡು, ತಲೆ ಎತ್ತಿ ಕೂತರು.

"ಕ್ಯಾಮೆರಾ ನೋಡಿ ದೊಡ್ಡಪ್ಪ."

"ಅದನ್ನೇ ನೋಡ್ತಾ ಇದೀನಲ್ಲೋ" ಅಂದರು, ಬೀರುವಿನ ಕಡೆ ಮುಗುಳ್ನಗುತ್ತಾ.