ಶ್ರುತಿ ತಪ್ಪಿದರೂ ಕಣ್ಣೀರು ತಪ್ಪಬಾರದು

ನಮ್ಮ ಪಕ್ಕದ ಮನೆ ಹುಡುಗ ಚೆನ್ನಾಗಿ ಹಾಡುತ್ತಾನೆ. ಪಾಪ, ಅವನ ತೊಂದರೆ ಬೇರೆ. ಅಪ್ಪ ಬ್ಯಾಂಕ್ ಮ್ಯಾನೇಜರ್. ಅಮ್ಮ ಗಟ್ಟಿಮುಟ್ಟಾಗಿದ್ದಾರೆ. ಸ್ವಂತ ಮನೆ, ಅದರ ಮೇಲೆ ಸಾಲವೂ ಇಲ್ಲ. ಇಂಥ ದರಿದ್ರ ಹಿನ್ನೆಲೆ ಇಟ್ಟುಕೊಂಡು ಟಿವಿಯ ಹಾಡಿನ ಸ್ಪರ್ಧೆಗೆ ಹೋಗುವುದಾದರೂ ಹೇಗೆ?

ಕಳೆದ ತಿಂಗಳು ಯಾವುದೋ ಶೋನ ಆಡಿಷನ್ ಫಾರ್ಮ್ ತುಂಬಲು ಕೂತಾಗ ನನ್ನನ್ನೂ ಕರೆದರು. ನಾನು ಬರೆಯುವವನು ಅಂತ. ಸಂಗೀತದ ಕಾಲಂ ಎರಡು ನಿಮಿಷದಲ್ಲಿ ಮುಗಿಯಿತು. 'ನಿಮ್ಮ ಜೀವನದ ಹೋರಾಟ' ಅನ್ನುವಲ್ಲಿ ಪೆನ್ನು ನಿಂತಿತು. ಹುಡುಗ ತುಂಬಾ ಹೊತ್ತು ಯೋಚಿಸಿ, "ಪಿಯುಸಿಯಲ್ಲಿ ಫಿಸಿಕ್ಸ್ ಕಷ್ಟ ಆಗಿತ್ತು" ಅಂದ. "ಅಜ್ಜಿ ಹೋದಾಗ ಎರಡು ದಿನ ಊಟ ಬಿಟ್ಟಿದ್ದ, ಅದನ್ನ ಹಾಕಬಹುದಾ?" ಅಂತ ಅವನಮ್ಮ ಕೇಳಿದರು. ಅಜ್ಜಿ ಹೋದಾಗ ಅವನಿಗೆ ಎರಡು ವರ್ಷ. ಹಾಕಿದೆವು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ಪಾಪ್ ಐಡಲ್ ಸಸಿಯನ್ನು ತಂದು 2004ರಲ್ಲಿ ಇಲ್ಲಿ ನೆಟ್ಟರು, ಇಂಡಿಯನ್ ಐಡಲ್ ಆಯಿತು. ಅಲ್ಲಿ ಜಡ್ಜ್ ಮುಖಕ್ಕೆ ಹೊಡೆದಂತೆ ಮಾತಾಡುವುದೇ ಜನಕ್ಕೆ ಮಜಾ. ನಮ್ಮ ಮಣ್ಣಿಗೆ ಬಿದ್ದ ಮೇಲೆ ಗಿಡದ ಜಾತಿಯೇ ಬದಲಾಯಿತು. ಈಗಿನ ಶೋಗಳಿಗೆ ಪ್ರತಿಭೆಗಿಂತ ಬಡತನದ ಕತೆಯೇ ಜಾಸ್ತಿ ಬೇಕು ಅಂತ ಮೊದಲ ಸೀಸನ್ ಗೆದ್ದ ಅಭಿಜಿತ್ ಸಾವಂತ್ ಅವರೇ ಹೇಳಿದ್ದಾರೆ. 2021ರಲ್ಲಿ ಕಿಶೋರ್ ಕುಮಾರ್ ಹಾಡುಗಳಿಗೇ ಮೀಸಲಾದ ಸಂಚಿಕೆಗೆ ಅವರ ಮಗ ಅಮಿತ್ ಕುಮಾರ್ ಅತಿಥಿ. ಎಲ್ಲರನ್ನೂ ಹೊಗಳಿ ಅಂತ ಮೊದಲೇ ಹೇಳಿದ್ದರಂತೆ, ಹೊಗಳಿದರಂತೆ. ಆಮೇಲೆ ಸಂದರ್ಶನದಲ್ಲಿ, ನನಗೇನೂ ಖುಷಿ ಆಗಲಿಲ್ಲ ಅಂದುಬಿಟ್ಟರು. ಅಪ್ಪನ ಹಾಡಿಗೆ ಮಗ ತಲೆದೂಗಬೇಕು ಅಂದರೂ ಮೊದಲೇ ಹೇಳಿಕೊಡಬೇಕು ನೋಡಿ.

ನನ್ನ ಚಿಕ್ಕಮ್ಮ ಸಂಗೀತ ಪಾಠ ಹೇಳುತ್ತಾರೆ. ಒಂದು ಭಾನುವಾರ ರಾತ್ರಿ ಅವರ ಜೊತೆ ಇಂಥದ್ದೇ ಒಂದು ಶೋ ನೋಡಿದೆ. ಚಿಕ್ಕಮ್ಮ ತೊಡೆ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಚರಣದಲ್ಲಿ ಹುಡುಗಿ ಮೇಲಿನ ಷಡ್ಜಕ್ಕೆ ಕೈ ಚಾಚಿದಳು, ಸಿಗಲಿಲ್ಲ, ಕೆಳಗೇ ನೇತಾಡಿದಳು. ಚಿಕ್ಕಮ್ಮನ ಕೈ ಗಾಳಿಯಲ್ಲಿ ನಿಂತಿತು. ಸರಿಯಾಗಿ ಅದೇ ಹೊತ್ತಿಗೆ ಜಡ್ಜ್‌ಗಳೂ ಎದ್ದು ನಿಂತರು. ಒಬ್ಬರು ಕುರ್ಚಿ ಹತ್ತಿದರು. ಇನ್ನೊಬ್ಬರು ಚಪ್ಪಲಿ ಬಿಟ್ಟು ವೇದಿಕೆಗೆ ಓಡಿ ಹುಡುಗಿಗೆ ದೃಷ್ಟಿ ತೆಗೆದರು. "ತೆಗೀಲಿ ತೆಗೀಲಿ, ದೃಷ್ಟಿ ಆಗಿದ್ದಕ್ಕೇ ಸ್ವರ ಸಿಕ್ಕಿಲ್ಲ" ಅಂದರು ಚಿಕ್ಕಮ್ಮ.

ಆಮೇಲೆ ಅಮ್ಮನ ಸರ್‌ಪ್ರೈಸ್ ಎಂಟ್ರಿ. ಮಗಳಿಗೆ ಗೊತ್ತೇ ಇರಲಿಲ್ಲವಂತೆ. ಅಮ್ಮನ ಸೆರಗಿಗೆ ಆಗಲೇ ಮೈಕ್ ಸಿಕ್ಕಿಸಿತ್ತು. ಸೀರೆಗೂ ಮಗಳ ಲಂಗಕ್ಕೂ ಒಂದೇ ಬಣ್ಣ. ದೇವರ ದಯೆ ಇರಬೇಕು. ಹಾಡು ಎರಡು ನಿಮಿಷ, ಅಳು ಹನ್ನೊಂದು ನಿಮಿಷ, ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ. ಪ್ರೇಕ್ಷಕರಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು ಇದ್ದರು. ದುಃಖದ ಹಾಡಿಗೆ ಬಲಗಣ್ಣು ಒರೆಸಿಕೊಂಡರು. ಮುಂದಿನ ಕುಣಿತದ ಹಾಡಿಗೂ ಅದೇ ಕೈಯಿಂದ ಅದೇ ಕಣ್ಣು ಒರೆಸಿಕೊಂಡರು.

ಇಷ್ಟೆಲ್ಲ ಆದ ಮೇಲೆ ವೋಟು. ಇಲ್ಲಿ ಗಂಟಲು ಲೆಕ್ಕಕ್ಕಿಲ್ಲ, ಊರು ಲೆಕ್ಕ. 2007ರ ಇಂಡಿಯನ್ ಐಡಲ್‌ನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಕೋಲ್ಕತ್ತಾ ಪೊಲೀಸ್ ಕಾನ್‌ಸ್ಟೇಬಲ್, ಶಿಲ್ಲಾಂಗ್‌ನ ಅಮಿತ್ ಪಾಲ್ ಅವರನ್ನು ಸೋಲಿಸಿ ಗೆದ್ದರು. ಗುಡ್ಡದ ಊರುಗಳ ಜನ ದುಡ್ಡು ಕೂಡಿಸಿ ಎಸ್‌ಎಂಎಸ್ ಕಳಿಸಿದ್ದರು. ಗೆದ್ದ ಮೇಲೆ ರೇಡಿಯೋದಲ್ಲಿ ಯಾರೋ ಏನೋ ಕುಹಕವಾಡಿದರು ಅಂತ ಸಿಲಿಗುರಿಯಲ್ಲಿ ಗಲಾಟೆಯಾಗಿ ಕರ್ಫ್ಯೂ ಬಿತ್ತು, ಸೇನೆ ಬಂತು. ಹಾಡಿನ ಸ್ಪರ್ಧೆಗೆ! ನಾವೇನು ಕಮ್ಮಿ? ಮೂಡುಬಿದಿರೆಯ ನಿಹಾಲ್ ತಾವ್ರೊ 12ನೇ ಸೀಸನ್ ಫೈನಲ್‌ಗೆ ಬಂದಾಗ ನನ್ನ ವಾಟ್ಸಾಪಿಗೂ ಮೆಸೇಜ್ ಬಂತು: ಕನ್ನಡಿಗರಾಗಿದ್ದರೆ ವೋಟ್ ಮಾಡಿ. ಹುಡುಗ ನಿಜಕ್ಕೂ ಚೆನ್ನಾಗಿ ಹಾಡುತ್ತಾನೆ, ಮೆಸೇಜಿನಲ್ಲಿ ಅದೊಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಒಂದೂ ಹಾಡು ಕೇಳದೆ ವೋಟ್ ಹಾಕಿದ ಮೂರು ಜನ ನನ್ನ ಫ್ಯಾಮಿಲಿ ಗ್ರೂಪಿನಲ್ಲೇ ಇದ್ದಾರೆ.

ಆ ಫೈನಲ್ ನಡೆದದ್ದು ಆಗಸ್ಟ್ 15ರಂದು. ಮಧ್ಯಾಹ್ನ ಹನ್ನೆರಡಕ್ಕೆ ಶುರು, ಮಧ್ಯರಾತ್ರಿ ಮುಕ್ತಾಯ. ಯಕ್ಷಗಾನದವರೇ ಇಡೀ ರಾತ್ರಿ ಆಟ ಜನಕ್ಕೆ ಜಾಸ್ತಿಯಾಯಿತು ಅಂತ ಕಾಲಮಿತಿಗೆ ಇಳಿದಿದ್ದಾರೆ. ಅವರು ಬಿಟ್ಟುಹೋದ ಟೈಮಿಂಗನ್ನು ಈ ಟಿವಿಯವರು ಹಿಡಿದುಕೊಂಡಿದ್ದಾರೆ.

ಪಕ್ಕದ ಮನೆಯವರಿಗೆ ಧೈರ್ಯ ಹೇಳೋಣ ಅಂತ, "ಗೆಲ್ಲಲೇಬೇಕು ಅಂತೇನಿಲ್ಲ. 2005ರ ಫೇಮ್ ಗುರುಕುಲ್ ಅನ್ನೋ ಹಾಡಿನ ಶೋನಲ್ಲಿ ಅರಿಜಿತ್ ಸಿಂಗ್ ಸೋತಿದ್ದರು. ನೇಹಾ ಕಕ್ಕರ್ ಐಡಲ್‌ನಿಂದ ಹೊರಬಿದ್ದು, ಆಮೇಲೆ ಅದೇ ಶೋಗೆ ಜಡ್ಜ್ ಆಗಿ ಬಂದರು" ಅಂದೆ. ಹುಡುಗನ ಅಪ್ಪ ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ಸೋಲೋದಕ್ಕೆ ಬೇರೆ ಫಾರ್ಮ್ ಇದೆಯಾ?" ಅಂತ ಕೇಳಿದರು. ಬ್ಯಾಂಕಿನವರು ಅಲ್ವಾ.

ಮೊನ್ನೆ ಶೋನವರು ಫೋನ್ ಮಾಡಿದ್ದರಂತೆ. ಹುಡುಗನ ಧ್ವನಿ ಓಕೆ, ಕತೆ ವೀಕ್ ಅಂದರಂತೆ. ಅಪ್ಪ ಮೊದಲು ಸಂಗೀತಕ್ಕೆ ವಿರೋಧ ಮಾಡುತ್ತಿದ್ದರು ಅಂತ ಇಟ್ಟುಕೊಳ್ಳೋಣ, ವಿಡಿಯೋ ಮಾಡಿ ಕಳಿಸಿ ಅಂದರಂತೆ. ಒಂಬತ್ತು ವರ್ಷ ಮಳೆ ಬಿಸಿಲು ನೋಡದೆ ಮಗನನ್ನು ಸ್ಕೂಟರಿನಲ್ಲಿ ಪಾಠಕ್ಕೆ ಬಿಟ್ಟು, ಮುಗಿಯುವವರೆಗೂ ಹೊರಗೆ ಕಟ್ಟೆ ಮೇಲೆ ಕೂತು ಪೇಪರ್ ಓದುತ್ತಿದ್ದ ಮನುಷ್ಯ. ನಿನ್ನೆ ಸಂಜೆ ಅವರ ಮನೆ ಕಿಟಕಿಯಿಂದ ಕೇಳಿಸಿತು:

"ಹಾಡು ಹೊಟ್ಟೆ ತುಂಬಿಸುತ್ತೇನೋ?"

"ಇನ್ನೂ ಜೋರಾಗಿ, ಅಪ್ಪಾ."

"ಹಾಡು ಹೊಟ್ಟೆ ತುಂಬಿಸುತ್ತೇನೋ?!"

"ನಗಬೇಡ ಅಪ್ಪಾ, ಕಟ್ ಮಾಡಬೇಕಾಗುತ್ತೆ."